ಉಪ್ಪಿನ ಶಾಖ ಮತ್ತು ಸಾರನಾಥದ ಮೂರು ಆಡುಗಳು

ಆಡುಗಳಿಗೆ ಏನೂ ಆಗಿರಲಿಲ್ಲ. ಸೂಜಿ ಸರಿಯಿತ್ತು, ಔಷಧ ಸರಿಯಿತ್ತು, ನನ್ನ ಮಗಳ ಕೆಲಸವೂ ಸರಿಯಿತ್ತು. ಕೆಡಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರಲ್ಲಿ ಬೇರೆ ಕಥೆ ಓಡಾಡುತ್ತಿದೆಯಂತೆ: ಕಾಶಿಗೆ ಹೋದ ಶಾಂತವ್ವ ಅಲ್ಲಿ ದನಕರುಗಳ ದೊಡ್ಡ ವೈದ್ಯೆಯಾಗಿದ್ದಾಳೆ ಎಂದು. ಆಗಿದ್ದೆ. ಒಂಬತ್ತು ದಿನ.

ಗದಗಿನ ಕಡೆಯ ನಮ್ಮ ಊರಿನಿಂದ ಹೊರಟಾಗ ಅರ್ಧ ಓಣಿ ಕಾಲಿಗೆ ಬಿದ್ದು ಅತ್ತಿತು. ಕಾಶಿಗೆ ಹೊರಟ ಮುದುಕಿ ತಿರುಗಿ ಬರುತ್ತಾಳೆಂದು ಯಾರಿಗೂ ನಂಬಿಕೆಯಿರಲಿಲ್ಲ. ಒಬ್ಬಾಕೆ ನನ್ನ ತಾಮ್ರದ ಹಂಡೆಯನ್ನು ಕೇಳಿಯೂ ಬಿಟ್ಟಳು. ನಾನು ಸಾಯಲು ಹೊರಟಿರಲಿಲ್ಲ, ಮೊಮ್ಮಗಳಿಗೆ ಜಡೆ ಹಾಕಲು ಹೊರಟಿದ್ದೆ. ಮಗಳು ಗಿರಿಜಾ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಜಾನುವಾರುಗಳ ರೋಗದ ಮೇಲೆ ಸಂಶೋಧನೆ ಮಾಡುತ್ತಾಳೆ. ಅಳಿಯನ ನೌಕರಿ ಬೇರೆ ಊರಲ್ಲಿ. ಮಗುವನ್ನು ನೋಡಲು ಜನ ಬೇಕಿತ್ತು.

ಮನೆ ಕಾಶಿಯ ಶಿವಾಲ ಎಂಬ ಓಣಿಯಲ್ಲಿ, ಮೂರನೇ ಮಾಳಿಗೆ. ಮೆಟ್ಟಿಲು ಎಷ್ಟು ಕಡಿದೆಂದರೆ ಹತ್ತುವಾಗ ಮೊಣಕಾಲು ಗದ್ದಕ್ಕೆ ತಾಗುತ್ತದೆ. ಮಾಳಿಗೆಗೆಲ್ಲ ಕಬ್ಬಿಣದ ಜಾಲರಿ. ನಮ್ಮಲ್ಲಿ ಪ್ರಾಣಿಯನ್ನು ಒಳಗೆ ಕಟ್ಟಿ ನಾವು ಹೊರಗೆ ಕೂರುತ್ತೇವೆ. ಇಲ್ಲಿ ನಾವು ಜಾಲರಿಯೊಳಗೆ, ಕೋತಿಗಳು ಹೊರಗೆ ಕೂತು ನಮ್ಮನ್ನು ನೋಡುತ್ತವೆ. ಹೆಣ ಸುಡುವ ಹರಿಶ್ಚಂದ್ರ ಘಾಟ್ ಹತ್ತಿರವೇ ಇದೆ. ಹೆಣ ಹೋಗುವುದನ್ನು ಮೊದಲ ವಾರ ಎದ್ದುನಿಂತು ನೋಡಿ ಕೈಮುಗಿದೆ. ಎರಡನೇ ವಾರ ಕೂತೇ ಮುಗಿದೆ. ಈಗ ಅವರೆಕಾಯಿ ಸುಲಿಯುತ್ತ ಒಂದು ಕೈ ಎತ್ತುತ್ತೇನೆ, ಅಷ್ಟೆ. ಎಷ್ಟು ಜನಕ್ಕೆಂದು ಏಳುವುದು?

ಜೋಳದ ಹಿಟ್ಟಿಗೆ ಇಲ್ಲಿರುವ ನಮ್ಮ ಕಡೆಯ ಮಠಕ್ಕೆ ಹೋಗಿ ಹಲ್ಲುಗಿಂಜಬೇಕು. ಇಲ್ಲಿಯವರು ಸತ್ತು ತಿನ್ನುತ್ತಾರೆ, ಅಂದರೆ ಹುರಿದ ಕಡಲೆಯ ಹಿಟ್ಟು. ಅದನ್ನು ಉಂಡೆಯೊಳಗೆ ತುಂಬಿ ಕುಳ್ಳಿನ ಬೆಂಕಿಯಲ್ಲಿ ಸುಟ್ಟರೆ ಲಿಟ್ಟಿ. ರುಚಿ ಚೆನ್ನಾಗಿದೆ, ನನ್ನ ಹಲ್ಲಿಗೆ ಆಗುವುದಿಲ್ಲ. ಮೊಮ್ಮಗಳು ನನ್ನ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಅವಳು ಶಾಲೆಗೆ ಹೋದ ಮೇಲೆ ಮಾತಿಗೆ ಉಳಿಯುವುದು ಗೋಡೆ. ಊರಲ್ಲಿ ಹೆರಿಗೆಯಿಂದ ಹಿಡಿದು ಎಮ್ಮೆಯ ಕೆಚ್ಚಲು ಬಾವಿನವರೆಗೆ ಎಲ್ಲದಕ್ಕೂ ನನ್ನನ್ನು ಕರೆಯುತ್ತಿದ್ದರು. ಇಲ್ಲಿ ಆರು ತಿಂಗಳಲ್ಲಿ ನನ್ನನ್ನು ಯಾರಾದರೂ ಏನಾದರೂ ಕೇಳಿದ್ದರೆ ಅದು 'ಮಾತಾಜೀ, ಥೋಡಾ ಸರಕಿಯೇ' ಎಂದು. ಸ್ವಲ್ಪ ಸರಿದುಕೊಳ್ಳಿ ಎಂದರ್ಥ.

ನನ್ನ ಸಪ್ಪೆ ಮುಖ ನೋಡಲಾರದೆ ಗಿರಿಜಾ ಸಾರನಾಥದ ಕಡೆ ಕೆಲಸಕ್ಕೆ ಹೋಗುವಾಗ ಜೊತೆಗೆ ಕರೆದೊಯ್ಯತೊಡಗಿದಳು. ಅಲ್ಲಿ ಫೂಲಮತಿ ಎಂಬಾಕೆಯ ಅಂಗಳದಲ್ಲಿ ಆರು ಆಡುಗಳಿದ್ದವು. ಮೂರಕ್ಕೆ ಬರೀ ಲಸಿಕೆ, ಮೂರಕ್ಕೆ ಎಣ್ಣೆ ಬೆರೆಸಿದ ಲಸಿಕೆ. ಇನ್ನೂ ನಾಲ್ಕು ಅಂಗಳಗಳಲ್ಲೂ ಹೀಗೆಯೇ ಹಾಕಿದ್ದಳು. ನನ್ನನ್ನು ಫೂಲಮತಿಯ ಹತ್ತಿರ ಕೂರಿಸಿ ಬೇರೆ ಅಂಗಳಗಳಿಗೆ ಹೋಗಿ ಮಧ್ಯಾಹ್ನ ಬರುತ್ತಿದ್ದಳು.

"ಎಣ್ಣಿ ಯಾಕ? ಒಗ್ಗರಣಿ ಹಾಕ್ತೀಯೇನು?" ಎಂದೆ.

"ಲಸಿಕಿ ಅಂದ್ರ ಕಳ್ಳನ ಫೋಟೋ, ಅವ್ವಾ. ಬರೀ ಫೋಟೋ ತೋರಿಸಿದ್ರ ಮೈ ಎಚ್ಚರಾಗೂದಿಲ್ಲ. ಎಣ್ಣಿ ಅಂದ್ರ 'ಕಳ್ಳ ಬಂದಾನ, ಏಳ್ರಿ' ಅಂತ ಕೂಗ ಹಾಕಾಂವ. ಮೈಯಾಗಿನ ಜೀನ್‌ಗಳು ಮನಿಮಂದಿ ಇದ್ಧಂಗ. ಎಲ್ಲಾರೂ ಇರ್ತಾರ, ಎಲ್ಲಾರೂ ಏಳೂದಿಲ್ಲ. ಆ ಕೂಗಿಗೆ ಯಾರ್‍ಯಾರು ಎದ್ರು, ಯಾರು ಎದ್ದು ಮತ್ತ ಮಲಗಿದ್ರು, ಅದನ್ನ ನಾ ನೋಡೂದು."

ನನಗೆ ತಿಳಿಯಿತು. ನಾಲ್ಕನೇ ಇಯತ್ತೆಯವಳಿಗೆ ತಿಳಿಯುವ ಹಾಗೆ ಹೇಳುವುದು ಅವಳಿಗೆ ಬರುತ್ತದೆ. ಆದರೆ ಆ ಕೂಗಿನಿಂದ ಕತ್ತಿನ ಮೇಲೆ ಗಂಟು ಏಳುತ್ತದೆ, ಏಳಲೇಬೇಕು, ಅದನ್ನು ಮುಟ್ಟಬಾರದು ಎಂದು ಅವಳು ಹೇಳಲಿಲ್ಲ. ಅಥವಾ ಹೇಳಿದಾಗ ನಾನು ಫೂಲಮತಿಯ ಸೊಸೆಯ ಮೂಗುತಿ ನೋಡುತ್ತಿದ್ದೆ.

ಮುಂದಿನ ಸಲ ಹೋದಾಗ ಎಣ್ಣೆಯ ಮೂರು ಆಡುಗಳ ಕತ್ತಿನಲ್ಲಿ ನಿಂಬೆಕಾಯಿ ಗಾತ್ರದ ಗಂಟು. ಗಿರಿಜಾ ನನ್ನನ್ನು ಬಾಗಿಲಲ್ಲೇ ಇಳಿಸಿ ಹೋಗಿದ್ದಳು. ಫೂಲಮತಿ ಎದೆ ಬಡಿದುಕೊಂಡಳು: "ಏ ಮಾಈ, ಈ ಕಾ ಭಇಲ್?" ಇದೇನಾಯಿತು ಎಂದು ಅವಳ ಭೋಜಪುರಿ. ನಾನು ಉತ್ತರ ಹೇಳುವ ಗೋಜಿಗೆ ಹೋಗಲಿಲ್ಲ. ಕಲ್ಲುಪ್ಪು ಹುರಿದೆ, ಬಟ್ಟೆಯಲ್ಲಿ ಕಟ್ಟಿದೆ, ಶಾಖ ಕೊಟ್ಟೆ, ಮೇಲೆ ಅರಿಶಿನ-ಸುಣ್ಣ ಬಳಿದೆ. ದಿನಕ್ಕೆ ಎರಡು ಸಲ ಹೀಗೆ ಮಾಡು ಎಂದು ಕೈಸನ್ನೆಯಲ್ಲಿ ಕಲಿಸಿದೆ. ಮಗಳು ಕಲಿತದ್ದು ಪುಸ್ತಕದಲ್ಲಿ, ಗಂಟು ಕಂಡರೆ ಅವಳಿಗೇನು ಗೊತ್ತು ಎಂದುಕೊಂಡು ಅವಳಿಗೆ ಹೇಳಲೂ ಇಲ್ಲ.

ಗಂಟು ಇಳಿಯಿತು. ಮರುವಾರ ಹೋದರೆ ಅಂಗಳದಲ್ಲಿ ನೆರೆಮನೆಗಳ ನಾಲ್ಕು ಹೆಂಗಸರು ಕುಂಟುವ, ಕೆಮ್ಮುವ ಆಡು ಹಿಡಿದು ಕಾಯುತ್ತಿದ್ದರು. "ಮಾಈ ಕೇ ಹಾಥ್ ಮೇಂ ಜಾದೂ ಬಾ," ನನ್ನ ಕೈಯಲ್ಲಿ ಮಾಯವಿದೆ ಎಂದು ಫೂಲಮತಿ ಎಲ್ಲರಿಗೂ ಸಾರಿದ್ದಳು. ಒಬ್ಬಾಕೆ ಆಡಿನ ಜೊತೆ ಗಂಡನ ಮೊಣಕಾಲನ್ನೂ ತಂದಿದ್ದಳು, ಗಂಡನ ಸಮೇತ. ನನಗೆ ಮಂಚ, ಮಣ್ಣಿನ ಕುಡಿಕೆಯಲ್ಲಿ ಚಹಾ. ಸುಳ್ಳು ಯಾಕೆ ಹೇಳಲಿ, ಸುಖವಾಯಿತು. ಕಾಶಿಗೆ ಬಂದ ಮೇಲೆ ಅವತ್ತು ನಾನು ಯಾರಿಗೂ ಸರಿದುಕೊಡಲಿಲ್ಲ.

ಆ ದಿನ ಹೆಂಗಸರೆಲ್ಲ ಹೋಗಿ, ನಾನು ಅರಿಶಿನ ಒರೆಸಿದ ಮೇಲೆ ಗಿರಿಜಾ ಬಂದು ಆಡುಗಳ ರಕ್ತ, ಗಂಟಿನ ಜಾಗದ ನೀರು ತೆಗೆದುಕೊಂಡು ಹೋದಳು. ಎರಡು ದಿನದ ಮೇಲೆ, ಊಟದ ಹೊತ್ತಿಗೆ, ಕೈಯಲ್ಲಿ ಎರಡು ಚೀಲ ಹಿಡಿದು ಬಂದಳು. ಮುಖ ಹಬ್ಬದ ಹಾಗಿತ್ತು.

"ಅವ್ವಾ, ಉಳದ ನಾಲ್ಕೂ ಅಂಗಳದಾಗ ಗಂಟು ಇದ್ಧಂಗ ಅದಾವ. ಫೂಲಮತಿ ಆಡಿಗೆ ಅಷ್ಟ ಇಳದಾವ! ಒಳಗಿನ ಜೀನ್‌ಗಳೂ ಬ್ಯಾರೇನ ಎದ್ದಾವ. ಯಾರೂ ಹಿಂಗ ನೋಡಿಲ್ಲ. ಆಕಿ ಹಾಕೋ ಮೇವಿನಾಗ ಏನೋ ಐತಿ."

ಚೀಲದ ತುಂಬ ಫೂಲಮತಿಯ ಕೊಟ್ಟಿಗೆಯ ಹೊಟ್ಟು, ಬೇರಿನ ಸಮೇತ ಹುಲ್ಲು. ಇನ್ನು ಒಂದು ವರ್ಷ ಆ ಹೊಟ್ಟನ್ನೇ ಅರೆದು ನೋಡುತ್ತಾಳಂತೆ.

ಮುರಿದ ರೊಟ್ಟಿಯನ್ನು ತಟ್ಟೆಗೆ ಹಾಕಿದೆ. ಸುಮ್ಮನಿದ್ದರೆ ಸಾರನಾಥದಲ್ಲಿ ನಾನು ವೈದ್ಯೆ, ಇಲ್ಲಿ ಮಗಳು ದೊಡ್ಡ ವಿಜ್ಞಾನಿ, ಮಧ್ಯದಲ್ಲಿ ಹೊಟ್ಟು. ಆದರೆ ಹೆತ್ತ ಮಗಳಿಂದ ಹೊಟ್ಟು ಕುಟ್ಟಿಸುವುದೆ?

"ಮೇವಲ್ಲ," ಎಂದೆ. "ಉಪ್ಪು."

"ಯಾವ ಉಪ್ಪು?"

ಎಲ್ಲ ಹೇಳಿದೆ, ಆಡು ಹಿಡಿದು ಬಂದ ಹೆಂಗಸರ ಸಮೇತ. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಚೀಲ ಕೆಳಗಿಟ್ಟು ಕೂತಳು. "ನಿನ್ನ ಶಾಖಕ್ಕ ಎದ್ದವರು ಯಾರು, ಎಣ್ಣಿ ಕೂಗಿಗೆ ಎದ್ದವರು ಯಾರು, ಈಗ ನಾ ಹ್ಯಾಂಗ ಹೇಳಲಿ, ಅವ್ವಾ?" ಎಂದಳು. ಆಮೇಲೆ ವಹಿ ತೆಗೆದು ಕೇಳತೊಡಗಿದಳು. ಎಷ್ಟು ಉಪ್ಪು, ಎಷ್ಟು ಬಿಸಿ, ಎಷ್ಟು ಹೊತ್ತು, ಸುಣ್ಣ ಎಷ್ಟು. ಪೊಲೀಸರೂ ಹಾಗೆ ಕೇಳುವುದಿಲ್ಲ. ಕೊನೆಗೆ, "ಇದನ್ನೂ ಬರೀಬೇಕು. ಮೂರೂ ಆಡು ಬಿಟ್ಟು, ಆ ಅಂಗಳದಾಗ ಹೊಸಾ ಮೂರು ಆಡಿಗೆ ಮೊದಲಿಂದ ಸೂಜಿ ಹಾಕಬೇಕು," ಎಂದಳು.

"ಹಾಕು."

"ಫೂಲಮತಿ ಕೊಡ್ತಾಳೇನು? ಸೂಜಿ ಗಂಟು ಎಬ್ಬಿಸ್ತದ, ಮಾಈ ಗಂಟು ಇಳಸ್ತಾಳ ಅಂತ ಇಡೀ ಊರಿಗೆ ಹೇಳ್ಯಾಳ. ನಾಳೆ ಯಾರೂ ಲಸಿಕಿ ಹಾಕಸ್ಕೊಳ್ಳದಿದ್ರ, ರೋಗ ಬಂದ್ರ?"

ಅದನ್ನು ನಾನು ಯೋಚಿಸಿರಲಿಲ್ಲ. ಒಮ್ಮೆ ನಮ್ಮ ಓಣಿಯಲ್ಲಿ ಆಡುಗಳಿಗೆ ರೋಗ ಬಂದಾಗ ಎಂಟು ದಿನದಲ್ಲಿ ಕೊಟ್ಟಿಗೆಗಳು ಖಾಲಿಯಾಗಿದ್ದನ್ನು ನಾನೇ ಕಂಡಿದ್ದೇನೆ. ಆಗ ಉಪ್ಪು ಯಾರ ಮನೆಯಲ್ಲಿ ಇರಲಿಲ್ಲ?

ಊರಿಂದ ಫೋನ್ ಬಂದಾಗಲೆಲ್ಲ 'ಯಾವಾಗ ಬರ್ತಿ' ಎನ್ನುತ್ತಾರೆ. ಆ ರಾತ್ರಿಯೂ ಬಂತು. ಬರುತ್ತೇನೆ ಎನ್ನಬೇಕಿತ್ತು, ಸಾರನಾಥದಲ್ಲಿ ಕೆಲಸವಿದೆ ಎಂದು ಬಾಯಿಂದ ಹೊರಬಿತ್ತು. ಇಲ್ಲಿ ಕೂತರೆ ನಮ್ಮ ಎಮ್ಮೆ ನೆನಪಾಗುತ್ತದೆ, ಊರಿಗೆ ಹೋದರೆ ಫೂಲಮತಿಯ ಆಡು ನೆನಪಾದೀತು. ಮನುಷ್ಯರು ನೆನಪಾಗುವುದು ಕಡಿಮೆ.

ಮರುದಿನ ಬೆಳಿಗ್ಗೆ ಮೊಮ್ಮಗಳಿಗೆ ಜಡೆ ಹಾಕಿ, ಮೊದಲ ಬಾರಿ ಒಬ್ಬಳೇ ಆಟೋ ಹಿಡಿದು ಸಾರನಾಥಕ್ಕೆ ಹೋದೆ. ಅಂಗಳದಲ್ಲಿ ಆರೇಳು ಹೆಂಗಸರು ಕಾಯುತ್ತಿದ್ದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ: "ಗಲತೀ ಹಮ್‌ಸೇ ಭಇಲ್." ತಪ್ಪು ನನ್ನಿಂದಾಯಿತು. ಗಂಟು ಏಳಬೇಕು, ಎದ್ದರೆ ಒಳ್ಳೆಯದು, ಮುಟ್ಟಬೇಡಿ ಎಂದು ಕೈಸನ್ನೆಯಲ್ಲಿ ತೋರಿಸಿದೆ. ಫೂಲಮತಿ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮೂರು ಆಡು ಕೊಡುತ್ತೇನೆ, ಆದರೆ ಇವುಗಳನ್ನು ಕಾಯಲು ನೀನೇ ದಿನಾ ಬರಬೇಕು ಎಂದಳು. ಮಂಚ ಕೊಡಲಿಲ್ಲ. ನಾನು ಗೂಟದ ಹತ್ತಿರ ನೆಲದಲ್ಲೇ ಕೂತೆ. ನನ್ನ ಮಾತು ಕೇಳಿರದ ಒಬ್ಬಳು ಆಮೇಲೆ ಸೆರಗಿನಲ್ಲಿ ಬಿಸಿ ಉಪ್ಪು ಕಟ್ಟಿಕೊಂಡು ಬಂದಳು. ಹಿಂದಿ ನೆನಪಾಗಲಿಲ್ಲ, ಕನ್ನಡದಲ್ಲೇ ಬೈದು ಹಿಂದೆ ಕಳಿಸಿದೆ. ಅವಳಿಗೆ ಪೂರಾ ತಿಳಿಯಿತು.