ಗುಲಾಬಿ ಕುಂಡದ ತುಂಬೆ

ಗುಲಾಬಿ ಎಂದರೆ ನನಗೆ ಪ್ರಾಣ, ಅದೂ ಅಂಗೈ ತುಂಬುವಷ್ಟು ದೊಡ್ಡ ಕೆಂಪು ಗುಲಾಬಿ. ಹಿಂದವಾಡಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಒಂದು ಕುಂಡದಲ್ಲಿ ಬೆಳೆಸಿದ್ದೆ. ಅದರ ಬುಡದಲ್ಲಿ ಕಳೆ ಕಂಡರೆ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಹೋದ ಮಳೆಗಾಲದಲ್ಲಿ ಅಲ್ಲಿ ಎದ್ದಿದ್ದ ಸಣ್ಣ ಗಿಡಗಳನ್ನೆಲ್ಲ ಬೇರುಸಮೇತ ಕಿತ್ತೆಸೆದೆ. ಅವು ಕಳೆಯಲ್ಲ, ಅತ್ತೆ ತಮ್ಮ ತವರು ಖಾನಾಪುರದಿಂದ ತಂದು ನೆಟ್ಟಿದ್ದ ತುಂಬೆ ಗಿಡಗಳು ಎಂದು ಆಮೇಲೆ ಗೊತ್ತಾಯಿತು.

ಅತ್ತೆ ಬಾಡಿದ ಆ ಗಿಡಗಳಿಂದ ಪೂಜೆಗೆಂದು ನಾಲ್ಕು ಹೂ ಬಿಡಿಸಿಕೊಂಡರು, ಅಷ್ಟೇ. ಅದೇ ನನಗೆ ಹೆಚ್ಚು ಚುಚ್ಚಿತು. ಮರುದಿನ ಬೆಳಿಗ್ಗೆ ಇದ್ದುದರಲ್ಲೇ ದೊಡ್ಡ ಗುಲಾಬಿಯನ್ನು ಅವರ ಪೂಜೆಗೆ ಕೊಟ್ಟೆ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕುಳಿತಿದ್ದ ಅವರು ಹೂವನ್ನು ಏರಿಸಿದರು, ನೋಡಿದರು, ನಕ್ಕು ತೆಗೆದಿಟ್ಟರು.

"ಚಂದ ಐತಿ ಖರೇ. ಆದ್ರ ಇದನ್ನ ಏರಿಸಿದ್ರ ಲಿಂಗನ ಕಾಣೂದಿಲ್ಲ ನೋಡವಾ. ತುಂಬಿ ಹೂವಾದ್ರ ಅಕ್ಕಿಕಾಳಿನಷ್ಟ ಇರತೈತಿ, ಮ್ಯಾಲ ಸುಮ್ಮನ ಕುಂದರತೈತಿ."

ಆಮೇಲೆ ಒಂದೇ ಒಂದು ಪಕಳೆ ಹರಿದು ಲಿಂಗದ ಮೇಲಿಟ್ಟು ಪೂಜೆ ಮುಗಿಸಿದರು.

ಆ ಭಾನುವಾರ ನಾನೇ ಅವರನ್ನು ಖಾನಾಪುರಕ್ಕೆ ಕರೆದುಕೊಂಡು ಹೋದೆ. ಅವರ ತವರಿನ ಹೊಲದ ಬದುವಿನಲ್ಲಿದ್ದ ತುಂಬೆ ಸಸಿಗಳನ್ನು ಮಣ್ಣುಸಮೇತ ತಂದು ಅದೇ ಗುಲಾಬಿ ಕುಂಡದಲ್ಲಿ ನನ್ನ ಕೈಯಾರೆ ನೆಟ್ಟೆ. ಈಗ ಕುಂಡವೆಲ್ಲ ತುಂಬೆಯದೇ. ಗುಲಾಬಿ ಬಡಕಲಾಗಿ ಮೂಲೆ ಸೇರಿದೆ. ಅಪರೂಪಕ್ಕೆ ಒಂದು ಅರಳಿದರೆ ತಂದು ಅತ್ತೆಯ ಕೈಗೇ ಕೊಡುತ್ತೇನೆ. ಅವರು ನನ್ನನ್ನು ತಿರುಗಿಸಿ ನಿಲ್ಲಿಸಿ ಅದನ್ನು ಜಡೆಗೆ ಮುಡಿಸುತ್ತಾರೆ.

"ದೊಡ್ಡದು ನಿನಗಿರ್ಲಿ. ನೀ ದೂರಿಂದನ ಕಾಣಬೇಕು."