ಇಲ್ಲಮ್ಮನ ಒಂದು ‘ಸರಿ’

ಕೋರ್ಟಿನ ಕಾರಿಡಾರಿನಲ್ಲಿ ಅವಳಿಗೆ ಇಲ್ಲಮ್ಮ ಎಂದೇ ಹೆಸರು. ಎದುರಿಗೆ ಮೇಡಂ, ಬೆನ್ನ ಹಿಂದೆ ಇಲ್ಲಮ್ಮ. ಹೆಸರಿಟ್ಟ ಗುಮಾಸ್ತ ಸತ್ತು ಎಷ್ಟೋ ವರ್ಷವಾಯಿತು, ಹೆಸರು ಮಾತ್ರ ಕಲ್ಲುಗುಂಡಿನ ಹಾಗೆ ಉಳಿದುಬಿಟ್ಟಿತು. ಅದಕ್ಕೆ ಕಾರಣವೂ ಇತ್ತು ಅನ್ನಿ. ದಾವೆಗೆ ಉತ್ತರ ಬರೆಯುವಾಗ ಎದುರಾಳಿ ಹೇಳಿದ್ದನ್ನೆಲ್ಲ ಒಂದೊಂದಾಗಿ ಹಿಡಿದು ಇಲ್ಲ ಎನ್ನಬೇಕು. ಯಾವುದನ್ನು ಇಲ್ಲ ಎನ್ನಲಿಲ್ಲವೋ ಅದನ್ನು ಒಪ್ಪಿಕೊಂಡಂತೆ. ಇದು ಆ ಕಸುಬಿನ ಕಟ್ಟಳೆ. ಉಳಿದ ವಕೀಲರು ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎನ್ನುವಂಥ ಸಂಗತಿಗಳನ್ನಾದರೂ ಬಿಟ್ಟುಕೊಡುತ್ತಿದ್ದರು. ಇವಳು ಅದನ್ನೂ ಬಿಡುವವಳಲ್ಲ.

“ಪೂರ್ವಕ್ಕೇ ಹುಟ್ಟೋದು ಅಂತ ಅವ್ನೇ ರುಜುವಾತು ಮಾಡ್ಲಿ, ನಂಗೇನು?” ಎನ್ನುತ್ತಿದ್ದಳು.

ಕೊಲೆ, ಕಳವು, ಗಂಡಹೆಂಡಿರ ಜಗಳ ಅವಳ ಹೊಸ್ತಿಲು ತುಳಿಯುತ್ತಿರಲಿಲ್ಲ. ಅವಳದೇನಿದ್ದರೂ ವ್ಯಾಪಾರದ ಜಗಳ. ಜೊತೆಯಲ್ಲಿ ಅಂಗಡಿ ತೆರೆದು ಈಗ ಒಬ್ಬರ ಮುಖ ಒಬ್ಬರು ನೋಡದ ಪಾಲುದಾರರು, ಇನ್ನೊಬ್ಬನ ಗುರುತನ್ನು ತನ್ನ ಡಬ್ಬಿಗೆ ಅಂಟಿಸಿಕೊಂಡವನು, ಗೋದಾಮು ಸುಟ್ಟಾಗ ವಿಮೆಯವರು ಹುಡುಕುವ ನೆಪಗಳು, ಹಡಗಿನಲ್ಲಿ ಕೊಳೆತ ಸರಕು ಯಾರ ತಲೆಗೆ ಎಂಬ ತಕರಾರು. ಇದರಲ್ಲೇ ಅವಳ ಕೂದಲು ನೆರೆಯಿತು. ಮೇಜಿನ ಮೇಲೆ ಫೈಲುಗಳು ಎಷ್ಟು ಎತ್ತರಕ್ಕೆ ಬೆಳೆದಿದ್ದವೆಂದರೆ ಎದುರು ಕುಳಿತ ಕಕ್ಷಿದಾರನಿಗೆ ಅವಳ ಹಣೆ ಮಾತ್ರ ಕಾಣುತ್ತಿತ್ತು. ಆ ಹಣೆಯನ್ನು ನೋಡಿಯೇ ಅರ್ಧ ಧೈರ್ಯ ಬರುತ್ತದೆ ಎನ್ನುವವರಿದ್ದರು.

ಮನೆಯಲ್ಲೂ ಅದೇ ಚಾಳಿ. “ನಿಮ್ಮಮ್ಮನ್ನ ಹಸಿವಾ ಅಂತ ಕೇಳ್ಬೇಡ ಮಗಳೇ,” ಎನ್ನುತ್ತಿದ್ದ ಗಂಡ. “ಮೊದ್ಲು ಇಲ್ಲ ಅಂತಾಳೆ, ಆಮೇಲೆ ತಟ್ಟೆ ಎಲ್ಲಿ ಅಂತಾಳೆ.” ಅವಳೂ ನಗುತ್ತಿದ್ದಳು. ನಗು ಬಾರದ ಹೆಂಗಸೇನಲ್ಲ.

ಬೀಗದ ಕಾರ್ಖಾನೆಯ ಕೇಸು ಬಂದದ್ದು ಹೀಗಿರುವಾಗ. ಇಬ್ಬರು ಗೆಳೆಯರು ಸೇರಿ ಕಟ್ಟಿದ ಸಣ್ಣ ಕಾರ್ಖಾನೆ ಅದು. ಒಬ್ಬ ಊರೂರು ತಿರುಗಿ ಮಾಲು ಮಾರುವವನು, ಅವನನ್ನು ಎಲ್ಲರೂ ಯಜಮಾನ ಎನ್ನುತ್ತಿದ್ದರು. ಇನ್ನೊಬ್ಬ ಕಬ್ಬಿಣದ ಜೊತೆ ಗುದ್ದಾಡುವವನು. ಒಬ್ಬ ತೀರಿಕೊಂಡರೆ ಅವನ ಹೆಂಡತಿ ಆ ಜಾಗಕ್ಕೆ ಪಾಲುದಾರಳಾಗಿ ಬರಬೇಕು ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದರು. ಕಬ್ಬಿಣದವನು ತೀರಿಕೊಂಡ. ಅವನ ಹೆಂಡತಿ ಮದುವೆಯಾದಾಗಿನಿಂದ ಅಲ್ಲೇ ಕಿಟಕಿಯ ಪಕ್ಕದ ಮೇಜಿನಲ್ಲಿ ಕುಳಿತು ಬೀಗಗಳ ಹೊಟ್ಟೆಯೊಳಗೆ ಸ್ಪ್ರಿಂಗು ಕೂರಿಸುತ್ತಿದ್ದಳು. ಅದಕ್ಕೇ ಅವಳು ಸ್ಪ್ರಿಂಗಕ್ಕ. ಗಂಡ ಹೋದ ಮೇಲೆ ಒಂದು ಬೆಳಿಗ್ಗೆ ಕೆಲಸಕ್ಕೆ ಬಂದರೆ ಬಾಗಿಲಿಗೆ ಹೊಸ ಬೀಗ. ಸ್ಪ್ರಿಂಗು ತಾನೇ ಕೂರಿಸಿದ್ದು ಎಂದು ನೋಡಿದ ಕೂಡಲೇ ಗೊತ್ತಾಯಿತಂತೆ.

ಸ್ಪ್ರಿಂಗಕ್ಕ ದಾವೆ ಹೂಡಿದಳು. ಯಜಮಾನ ಇಲ್ಲಮ್ಮನ ಎದುರು ಕುಳಿತು ಕೈ ಕೈ ಉಜ್ಜಿಕೊಂಡ. “ಅವ್ರಿಬ್ರೂ ಜೊತೇಲಿದ್ರು, ನಿಜ. ಆದ್ರೆ ಮದುವೆ ಅಂತ ಆಗಿದ್ದನ್ನ ನಾನಂತೂ ಕಂಡಿಲ್ಲ ಮೇಡಂ.”

“ಕಂಡಿಲ್ಲ ಅಂದ್ರೆ ಇಲ್ಲ,” ಎಂದು ಇಲ್ಲಮ್ಮ ಪೆನ್ನಿನ ಮುಚ್ಚಳ ತೆಗೆದಳು. ದಾವೆಯ ಎರಡನೆಯ ಪ್ಯಾರಾದಲ್ಲಿ ‘ವಾದಿಯು ಮೃತರ ಹೆಂಡತಿ’ ಎಂದಿತ್ತು. ಇವಳು ಎದುರಿಗೆ ‘ನಿರಾಕರಿಸಲಾಗಿದೆ’ ಎಂದು ಬರೆದು ಮೂರನೆಯದಕ್ಕೆ ಹೋದಳು. ಕೈ ಒಂದಿಷ್ಟೂ ತಡವರಿಸಲಿಲ್ಲ. ಒಬ್ಬ ಹೆಂಗಸಿನ ಇಡೀ ಬಾಳನ್ನೇ ಇಲ್ಲ ಎನ್ನುವುದಕ್ಕೆ ಅಷ್ಟೇ ಸಾಕು ನೋಡಿ.

ಸ್ಪ್ರಿಂಗಕ್ಕ ಈಗ ತಾನು ಹೆಂಡತಿ ಎಂದು ತೋರಿಸಬೇಕಿತ್ತು. ತೋರಿಸಿದರೆ ಕಾರ್ಖಾನೆಯಲ್ಲಿ ಗಂಡನ ಜಾಗ, ಕಿಟಕಿಯ ಪಕ್ಕದ ಮೇಜು. ಇಲ್ಲವಾದರೆ ಅವನ ಜೊತೆ ಸುಮ್ಮನೆ ಇದ್ದ ಯಾರೋ ಒಬ್ಬಳು. ನೋಂದಣಿ ಕಚೇರಿಯ ಹಳೆಯ ದಫ್ತರುಗಳು ಮಾಳಿಗೆ ಸೋರಿ ಮುದ್ದೆಯಾಗಿದ್ದವು. ಮದುವೆಗೆ ಸಾಕ್ಷಿ ಸಹಿ ಹಾಕಿದ್ದ ಚಹಾದಂಗಡಿಯವನು ಸತ್ತಿದ್ದ. ಇನ್ನೊಬ್ಬ ಸಾಕ್ಷಿ ಯಾರೋ ಏನೋ, ಹೆಸರೇ ಅವಳಿಗೆ ಗೊತ್ತಿರಲಿಲ್ಲ.

ಅವಳು ಸಾಕ್ಷಿಕಟ್ಟೆ ಹತ್ತಿದ ದಿನ ಕೋರ್ಟು ಹಾಲಿನಲ್ಲಿ ಫ್ಯಾನು ಕೆಟ್ಟಿತ್ತು. ನ್ಯಾಯಾಧೀಶರು ಬೆವರೊರೆಸಿಕೊಳ್ಳುತ್ತಾ ಬೇಗ ಬೇಗ ಎನ್ನುತ್ತಿದ್ದರು. ಸ್ಪ್ರಿಂಗಕ್ಕನ ವಕೀಲ ಪಕ್ಕದ ಹಾಲಿನ ತನ್ನ ಇನ್ನೊಂದು ಕೇಸಿನ ಕಡೆಗೇ ಕಿವಿ ಇಟ್ಟುಕೊಂಡಿದ್ದ. ಇಲ್ಲಮ್ಮ ಪಾಟೀಸವಾಲಿಗೆ ಎದ್ದು ನಿಂತಳು. ಕಟ್ಟೆಯ ಮೇಲಿದ್ದ ಹೆಂಗಸು ತನ್ನ ಮುಖವನ್ನೇ ಎವೆಯಿಕ್ಕದೆ ನೋಡುತ್ತಿದ್ದದ್ದು ಅವಳಿಗೆ ಕಂಡಿತು. ಹೆದರಿಕೆ ಇರಬೇಕು ಅಂದುಕೊಂಡಳು.

“ನಿಮ್ಮ ಮದುವೆ ನೋಡಿದವರು ಯಾರೂ ಈಗ ಬದುಕಿಲ್ಲ, ಅಲ್ವಾ?”

“ಒಬ್ರು ಇದಾರೆ.”

ನ್ಯಾಯಾಧೀಶರು ತಲೆಯೆತ್ತಿದರು. “ಯಾರಮ್ಮ?”

“ಇವ್ರೇ,” ಎಂದು ಸ್ಪ್ರಿಂಗಕ್ಕ ಇಲ್ಲಮ್ಮನತ್ತ ಕೈ ತೋರಿದಳು. “ಹೆಸರು ಗೊತ್ತಿರ್ಲಿಲ್ಲ ಸ್ವಾಮಿ. ಈಗ ಮುಖ ನೋಡ್ದೆ. ನಮ್ಮಣ್ಣ ಎಳೆದಾಡಿ ನನ್ನ ರವಿಕೆ ತೋಳು ಹರಿದುಹೋಗಿತ್ತು. ಆ ಅವತಾರದಲ್ಲಿ ಮದುವೆ ಆಗ್ಬೇಡ ಅಂತ ಇವ್ರು ತಮ್ಮ ಕರೀ ಕೋಟು ಬಿಚ್ಚಿ ನಂಗೆ ಹಾಕಿದ್ರು. ಆ ಕೋಟಲ್ಲೇ ನಾನು ಸಹಿ ಮಾಡಿದ್ದು. ಕೆಳಗೆ ಇವ್ರು ಹಾಕಿದ್ರು.”

ಹಾಲಿನಲ್ಲಿ ಯಾರೋ ಕಿಸಕ್ಕೆಂದರು. ಇಲ್ಲಮ್ಮನ ಎದೆ ಮಾತ್ರ ಧಸಕ್ಕೆಂದಿತು. ಕಸುಬಿಗೆ ಹೊಸದಾಗಿ ಬಂದು ಕೆಲಸವಿಲ್ಲದೆ ನೋಂದಣಿ ಕಚೇರಿಯ ಬೆಂಚಿನ ಮೇಲೆ ಕುಳಿತಿರುತ್ತಿದ್ದ ದಿನಗಳವು. ಸಾಕ್ಷಿ ಸಿಗದೆ ಓಡಿಬಂದ ಜೋಡಿಗಳಿಗೆ ಸಹಿ ಹಾಕುವುದೇ ಆಗ ಅವಳಿಗೆ ಹೊತ್ತು ಕಳೆಯುವ ದಾರಿ. ಮುಖಗಳೆಲ್ಲ ಮರೆತುಹೋಗಿದ್ದವು. ಕೋಟು ಮರೆತಿರಲಿಲ್ಲ. ಆ ಹುಡುಗಿ ಅದನ್ನು ಹಿಂದಿರುಗಿಸುವಾಗ ಮಡಚಿ, ಕೊಳೆಯಾಗಿಲ್ಲ ತಾನೇ ಎಂದು ತಿರುಗಿಸಿ ತಿರುಗಿಸಿ ನೋಡಿದ್ದಳು.

“ಏನ್ ಮೇಡಂ ಇದು?” ನ್ಯಾಯಾಧೀಶರು ಕೇಳಿದರು.

ಹೌದು ಅಂದರೆ ಅವಳು ಆ ಕ್ಷಣವೇ ವಕೀಲೆಯ ಜಾಗ ಬಿಟ್ಟು ಸಾಕ್ಷಿಕಟ್ಟೆಗೆ ಹೋಗಬೇಕಿತ್ತು, ಅದೂ ತನ್ನ ಕಕ್ಷಿದಾರನ ವಿರುದ್ಧ. ಬೆನ್ನ ಹಿಂದೆ ಯಜಮಾನ ಕೆಮ್ಮಿದ. ಇಲ್ಲಮ್ಮ ಎದುರು ಪಕ್ಷಕ್ಕೆ ಸಾಕ್ಷಿ ಹೇಳಿದಳಂತೆ ಎಂಬ ಮಾತು ಸಂಜೆಯೊಳಗೆ ಇಡೀ ಮಾರುಕಟ್ಟೆ ಸುತ್ತುತ್ತಿತ್ತು. ಆಮೇಲೆ ಯಾವ ವ್ಯಾಪಾರಿ ಅವಳ ಬಾಗಿಲಿಗೆ ಬಂದಾನು?

“ನನಗೆ ನೆನಪಿಲ್ಲ ಸ್ವಾಮಿ,” ಎಂದಳು.

ಛೇ! ಅದೇ ಬಾಯಲ್ಲಿ ಇನ್ನೊಂದು ಮಾತು ಬರಬಾರದಿತ್ತೇ?

“ಸರಿ, ಮುಗಿಸಿ,” ಎಂದರು ನ್ಯಾಯಾಧೀಶರು.

ಪ್ರತಿ ಪಾಟೀಸವಾಲಿನ ಕೊನೆಗೂ ಒಂದು ಮಾಮೂಲಿ ಇದೆ. ನೀವು ಹೇಳಿದ್ದೆಲ್ಲ ಸುಳ್ಳು ಎಂದು ವಕೀಲರು ಹೇಳಬೇಕು, ಸರಿಯಲ್ಲ ಎಂದು ಸಾಕ್ಷಿ ಹೇಳಬೇಕು. ಕೇಳುವವರಿಗೂ ಹೇಳುವವರಿಗೂ ಅದರಲ್ಲಿ ಜೀವವಿರುವುದಿಲ್ಲ. ಬೆರಳಚ್ಚುಗಾರ್ತಿ ಉತ್ತರಕ್ಕೆ ಮೊದಲೇ ಕುಟ್ಟಿಬಿಡುವುದೂ ಉಂಟು. ಆದರೆ ಆ ಮಾಮೂಲಿಯನ್ನು ಸ್ಪ್ರಿಂಗಕ್ಕನಿಗೆ ಯಾರು ಹೇಳಿಕೊಟ್ಟಿದ್ದರು? ಹೇಳಿಕೊಡಬೇಕಾದವನ ಕಿವಿ ಪಕ್ಕದ ಹಾಲಿನಲ್ಲಿತ್ತು.

ಇಲ್ಲಮ್ಮ ನೆಲ ನೋಡುತ್ತಾ ಹೇಳಿದಳು: “ನೀವು ಅವರ ಹೆಂಡತಿ ಅಲ್ಲ. ಕಾರ್ಖಾನೆ ಆಸೆಗೆ ಸುಳ್ಳು ಹೇಳ್ತಾ ಇದೀರಿ ಅಂತೀನಿ.”

ಸ್ಪ್ರಿಂಗಕ್ಕ ಬೆರಳ ತುದಿಯಿಂದ ಕಟ್ಟೆಯ ಅಂಚನ್ನು ಸವರಿದಳು. ಆಮೇಲೆ ಸೋತ ದನಿಯಲ್ಲಿ, ಮನೆಯಲ್ಲಿ ದೊಡ್ಡವರು ಗದರಿದಾಗ ಅನ್ನುವ ಹಾಗೆ, “ನೀವೇ ಹಾಗಂದ್ಮೇಲೆ ಇನ್ನೇನಿದೆ ಅಕ್ಕ... ಸರಿ ಬಿಡಿ,” ಎಂದಳು.

ಬೆರಳಚ್ಚುಗಾರ್ತಿಯ ಕೈ ನಿಂತಿತು. ಇಷ್ಟು ವರ್ಷದಲ್ಲಿ ಆ ಜಾಗದಲ್ಲಿ ಅಂಥ ಉತ್ತರ ಅವಳು ಕೇಳಿರಲಿಲ್ಲ. ಇಲ್ಲಮ್ಮನನ್ನೇ ನೋಡಿದಳು. “ಸರಿ ಅಂತಾನೇ ಹಾಕ್ಲಾ ಮೇಡಂ?”

ಅದು ಒಪ್ಪಿಗೆಯ ‘ಸರಿ’ ಅಲ್ಲ, ಕೈಚೆಲ್ಲಿದ ‘ಸರಿ’ ಎಂಬುದು ಹಾಲಿನಲ್ಲಿದ್ದ ಗೋಡೆಗಡಿಯಾರಕ್ಕೂ ಗೊತ್ತಿತ್ತು. ಇಲ್ಲ ಎನ್ನುವುದಕ್ಕೇ ಹುಟ್ಟಿದವಳಲ್ಲವೇ ಅವಳು? ‘ಇಲ್ಲ, ಆಕೆ ಹೇಳಿದ್ದು ಹಾಗಲ್ಲ’ ಎಂದಿದ್ದರೆ ಮುಗಿಯುತ್ತಿತ್ತು. ಅವಳ ಬಾಯಿಂದ ಇಲ್ಲ ಹೊರಡಲಿಲ್ಲ.

“ಸಾಕ್ಷಿ ಸರಿ ಅಂತ ಒಪ್ತಾರೆ, ಬರ್ಕೊಳ್ಳಿ,” ಎಂದು ನ್ಯಾಯಾಧೀಶರು ಮುಂದಿನ ಫೈಲಿಗೆ ಕೈಚಾಚಿದರು. “ಮರುವಿಚಾರಣೆ, ನಿಮ್ಮ ಸಾಕ್ಷೀನ ಮತ್ತೆ ಕೇಳೋದು ಏನಾದ್ರೂ ಇದೆಯೇನ್ರೀ?”

ಸ್ಪ್ರಿಂಗಕ್ಕನ ವಕೀಲ ಬೆಚ್ಚಿಬಿದ್ದು ಎದ್ದ. “ಇಲ್ಲ ಸ್ವಾಮಿ,” ಎಂದು ಪಕ್ಕದ ಹಾಲಿಗೆ ಓಡಿದ.

ತಾನು ಹೆಂಡತಿಯೇ ಅಲ್ಲ ಎಂದು ಸ್ಪ್ರಿಂಗಕ್ಕನೇ ಒಪ್ಪಿಕೊಂಡಂತೆ ದಾಖಲಾಯಿತು. ತೀರ್ಪು ಬರೆಯುವುದಷ್ಟೇ ಬಾಕಿ; ಕೇಸು ಅಲ್ಲಿಗೇ ಮುಗಿದಿತ್ತು. ಕಾರಿಡಾರಿನಲ್ಲಿ ಯಜಮಾನ ಹಲ್ಲು ಕಿರಿಯುತ್ತಾ ಬಂದ. “ಹೆಂಗ್ ಬಾಯಿ ಬಿಡಿಸಿದ್ರಿ ಮೇಡಂ! ಕೋಟಿನ ಕತೆ ಬೇರೆ ಕಟ್ಟಿದ್ಲಲ್ಲ, ನಾಟಕದವಳು.” ಇಲ್ಲಮ್ಮ ಬೆನ್ನಿಗೆ ಅಂಟಿಕೊಂಡಿದ್ದ ಕೋಟನ್ನು ಬಿಚ್ಚಿ ತೋಳ ಮೇಲೆ ಹಾಕಿಕೊಂಡಳು.

ಮೆಟ್ಟಿಲ ಬಳಿ ಸ್ಪ್ರಿಂಗಕ್ಕ ಕಾದು ನಿಂತಿದ್ದಳು. ಬೈಯುತ್ತಾಳೆ, ಬೈಯಲಿ ಎಂದುಕೊಂಡು ಇಲ್ಲಮ್ಮ ಮುಂದೆ ಹೋದಳು. ಬೈದರೆ ಎಷ್ಟೋ ಹಗುರ ಎನಿಸಿತ್ತು ಅವಳಿಗೆ.

“ಬೇಜಾರು ಮಾಡ್ಕೋಬೇಡಿ ಅಕ್ಕ, ಎಲ್ಲರ ಮುಂದೆ ನಿಮ್ಮನ್ನ ಎಳೆದ್ಬಿಟ್ಟೆ,” ಎಂದಳು ಸ್ಪ್ರಿಂಗಕ್ಕ. “ಎಷ್ಟ್ ಜನಕ್ಕೆ ಸಹಿ ಹಾಕಿರ್ತೀರೋ, ನೆನಪೆಲ್ಲಿರುತ್ತೆ ಪಾಪ. ಅವತ್ತು ನೀವಿಲ್ದಿದ್ರೆ ನನ್ನ ಮದುವೇನೇ ಆಗ್ತಿರ್ಲಿಲ್ಲ.” ಅವಳ ಕಣ್ಣು ಇಲ್ಲಮ್ಮನ ತೋಳ ಮೇಲಿದ್ದ ಕೋಟಿನ ಕಡೆ ಹೋಗಿ ಬಂತು. “ನಂಗೆ ಇಲ್ಲಿಯ ಮಾತು ಬರಲ್ಲ. ನಮ್ಮ ವಕೀಲ್ರು ನಿಲ್ಲದೆ ಹೋದ್ರು, ಕೇಳೋಕೆ ಬೇರೆ ಯಾರೂ ಇಲ್ಲ. ನಾನು ಎಲ್ಲಾ ಸರಿಯಾಗಿ ಹೇಳಿದ್ನಾ ಅಕ್ಕ?”

ಎದುರು ಪಕ್ಷದ ಮಾತಿಗೆ ಇಲ್ಲ ಎನ್ನದ ಒಂದು ದಿನವೂ ಇಲ್ಲಮ್ಮನ ವೃತ್ತಿಯಲ್ಲಿ ಇರಲಿಲ್ಲ.

“ಸರಿಯಾಗಿ ಹೇಳಿದ್ರಿ,” ಎಂದಳು.

ಸ್ಪ್ರಿಂಗಕ್ಕನ ಮುಖ ಅರಳಿತು. “ಅಷ್ಟಾದ್ರೆ ಸಾಕು. ಇನ್ನೇನು, ಬೇಗ ಕೆಲಸಕ್ಕೆ ಕೂತ್ಕೋಬಹುದು,” ಎಂದು ಸೆರಗಿನಿಂದ ಬೆವರೊರೆಸಿಕೊಂಡು, ಬಸ್ಸು ಹಿಡಿಯಲು ಮೆಟ್ಟಿಲಿಳಿದು ಹೋದಳು.