ಹಾಸಿಗೆ ಹೂತ ಗುಂಡಿ

ನಮ್ಮ ಮನೆಯಲ್ಲಿ ಹೊಗೆ ಏಳಬಾರದು. ಮೊಮ್ಮಗಳಿಗೆ ದಮ್ಮು. ಒಮ್ಮೆ ಅಂಗಳಕ್ಕೆ ಉದುರಿದ ಒಣ ಎಲೆಯ ದರಕು ಗುಡಿಸಿ ಬೆಂಕಿ ಹಾಕಿದ್ದಕ್ಕೆ ಅವಳ ತುಟಿ ನೀಲಿಯಾಯಿತು. ಸಿದ್ದಾಪುರದಿಂದ ಶಿರಸಿಯ ಆಸ್ಪತ್ರೆ ಮುಟ್ಟುವವರೆಗೂ ನನ್ನ ತೊಡೆಯ ಮೇಲೆ ಸೀಟಿ ಊದಿದ ಹಾಗೆ ಉಸಿರೆಳೆದಳು. ಆಮೇಲೆ ಬಚ್ಚಲೊಲೆಯನ್ನೂ ಆರಿಸಿದೆವು. ಒಣಗಿದ ಎಲೆ, ಕಾಯಿಪಲ್ಲೆ ಸಿಪ್ಪೆ, ಹರಿದ ಅರಿವೆ ಎಲ್ಲ ಹಿತ್ತಲಿನ ಗುಂಡಿಗೆ. ಹಾಲಿನ ಪ್ಲಾಸ್ಟಿಕ್ ಕೊಟ್ಟೆ ಮಾತ್ರ ಪಂಚಾಯ್ತಿ ಗಾಡಿಗೆ.

ಚಳಿ ಶುರುವಾಗುವ ಹೊತ್ತಿಗೆ ಯಜಮಾನರು ಹೋದರು. ಜ್ವರ ಕೊನೆಯವರೆಗೂ ಬಿಡಲಿಲ್ಲ. ಸೂತಕ ಕಳೆದ ಮೇಲೆ ಅವರ ಹಾಸಿಗೆಯ ಮಾತು ಬಂತು. ಸತ್ತವರ ಹಾಸಿಗೆ ಸುಡುವುದು ನಮ್ಮಲ್ಲಿ ನಡೆದು ಬಂದದ್ದು. ಸುಡದಿದ್ದರೆ ಮಲಗಲು ತಿರುಗಿ ಬರುತ್ತಾರೆ ಎಂದು ಪಕ್ಕದ ಮನೆಯ ಓರಗಿತ್ತಿ ಹೆದರಿಸಿದಳು. ಸತ್ತವರು ಬಂದರೆ ಬರಲಿ, ಮಗು ಹೋದರೆ ಬರುತ್ತದೆಯೇ? ಹಾಸಿಗೆ ಬಿಚ್ಚಿ ಹತ್ತಿ, ಮೇಲಿನ ಬಟ್ಟೆಯ ಖೋಳು, ಚಾಪೆ ಎಲ್ಲವನ್ನೂ ಗುಂಡಿಯಲ್ಲಿ ಹರಡಿದೆ. ಸಗಣಿ ನೀರು ಹೊಯ್ದು, ಮೇಲೆ ದರಕು ಹಾಕಿ ತುಳಿದೆ.

ಕೆಲವು ದಿನಕ್ಕೆ ಗುಂಡಿ ಕುಸಿಯಿತು. ಕೊಳೆತರೆ ಕುಸಿಯುತ್ತದೆ, ಹೊಸದೇನಲ್ಲ. ಆದರೆ ಇದು ಒಬ್ಬ ಆಳು ಮಲಗುವಷ್ಟು ಉದ್ದಕ್ಕೆ ಮಾತ್ರ ಕುಸಿದಿತ್ತು. ಅವರು ಎಡಮಗ್ಗುಲಾಗಿ, ಮಂಡಿ ಮಡಚಿ ಮಲಗುವವರು. ತಗ್ಗೂ ಹಾಗೇ ಬಾಗಿತ್ತು. ಬೆಳಿಗ್ಗೆ ಇಬ್ಬನಿ ಬಿದ್ದಾಗ ಅಲ್ಲಿಂದ ಆವಿ ಏಳುತ್ತಿತ್ತು, ಬಿಟ್ಟು ಬಿಟ್ಟು, ಉಸಿರು ಬಿಟ್ಟಂತೆ. ಅವರ ಕಾಲ ಬುಡದಲ್ಲಿ ಮಲಗುತ್ತಿದ್ದ ನಾಯಿ ಈಗ ತಗ್ಗಿನ ಕಾಲ ಕಡೆ ಮಲಗತೊಡಗಿತು.

ಓರಗಿತ್ತಿ ಬೇಲಿಯಾಚೆಯಿಂದ ಅದನ್ನು ಕಂಡಳು. ಕಡ್ಡಿಪೆಟ್ಟಿಗೆ, ಒಣ ಅಡಿಕೆ ಸೋಗೆ ಹಿಡಿದು ಬಂದೇಬಿಟ್ಟಳು.

"ಅಕ್ಕಾ, ಭಾವ ಇನ್ನೂ ಇಲ್ಲೇ ಇದ್ದ. ಸುಟ್ಬುಡನ."

ಒಳಗೆ ಮೊಮ್ಮಗಳು ಕೆಮ್ಮಿದ್ದು ಕೇಳಿತು. ಗಾಳಿ ಮನೆಯ ಕಡೆಗೇ ಬೀಸುತ್ತಿತ್ತು. ಕಡ್ಡಿಪೆಟ್ಟಿಗೆ ಕಸಿದುಕೊಂಡು ಜಗಳವಾಡುವ ಶಕ್ತಿ ನನಗಿಲ್ಲ. ಮೊದಲು ತಗ್ಗಿನೊಳಗೆ ಕೈ ಹಾಕಿ ನೋಡು ಎಂದೆ. ಅವಳು ಮೊಣಕೈವರೆಗೆ ಹಾಕಿದಳು, ಅಷ್ಟೇ ಬೇಗ ಎಳೆದುಕೊಂಡಳು.

"ಜ್ವರದ ಮೈ ಹಾಂಗೆ ಸುಡ್ತು."

"ಜ್ವರ ಇದ್ದವಂಗೆ ಯಾರಾದ್ರೂ ಬೆಂಕಿ ಕೊಡ್ತ್ವನೇ?" ಎಂದೆ.

ಅವಳು ಸೋಗೆಯನ್ನು ಅಲ್ಲೇ ಬಿಟ್ಟು ಹೋದಳು. ಅದನ್ನೂ ಕತ್ತರಿಸಿ ಗುಂಡಿಗೆ ಹಾಕಿದೆ.

ದಿನಾ ಬೆಳಿಗ್ಗೆ ಕೈ ಹಾಕಿ ನೋಡುತ್ತಿದ್ದೆ. ಶಿವರಾತ್ರಿಯ ಹೊತ್ತಿಗೆ ಒಂದು ದಿನ ಒಳಗೆ ತಣ್ಣಗಿತ್ತು. ಕೊನೆಗೆ ಮುಟ್ಟಿದ ಅವರ ಪಾದದಷ್ಟೇ ತಣ್ಣಗೆ. ಅದುವರೆಗೆ ಹೆದರದವಳು ಆವತ್ತು ಹೆದರಿದೆ. ನಾಯಿ ಎದ್ದು ಮನೆಯ ಕಡೆ ನಡೆಯಿತು, ಮತ್ತೆ ಅಲ್ಲಿ ಮಲಗಲಿಲ್ಲ. ಅಗೆದರೆ ಹತ್ತಿಯಿಲ್ಲ, ಚಾಪೆಯಿಲ್ಲ, ಕರಿ ಮಣ್ಣು. ಬಸಳೆ ಬುಡಕ್ಕೆ ಹಾಕಿದೆ.

ಆ ಚಳಿಗಾಲ ಮೊಮ್ಮಗಳನ್ನು ಆಸ್ಪತ್ರೆಗೆ ಒಯ್ಯಬೇಕಾಗಲಿಲ್ಲ. ಓರಗಿತ್ತಿಯೂ ಈಗ ಕಸ ಸುಡುವುದಿಲ್ಲ. ಬೇಲಿಯಾಚೆ ನಿಂತೇ ನಮ್ಮ ಗುಂಡಿಗೆ ಎಸೆಯುತ್ತಾಳೆ, ಆ ತಗ್ಗು ಇದ್ದ ಜಾಗದ ಮೇಲೆ ಬೀಳದ ಹಾಗೆ.